ಇಂಗ್ಲೆಂಡಿನ ಹಳ್ಳಿ ಚರ್ಚುಗಳಲ್ಲಿ ದೀಕ್ಷಾಸ್ನಾನದ (ಮಕ್ಕಳಿಗೆ ಕೊಡುವ ಬ್ಯಾಪ್ಟಿಸಮ್) ಹಳೇ ಕಲ್ಲುತೊಟ್ಟಿಗಳ ಅಂಚು ಎದುರುಬದುರು ಎರಡು ಕಡೆ ಒಡೆದಿರುತ್ತದಲ್ಲ, ಯಾಕೆ?

ಬಹುತೇಕ ಅದು ಬೀಗದ ಗುರುತು. ತೊಟ್ಟಿಯ ಮೇಲೆ ಮರದ ಮುಚ್ಚಳ ಇರುತ್ತಿತ್ತು. ಅದಕ್ಕೆ ಅಡ್ಡಲಾಗಿ ಒಂದು ಪಟ್ಟಿ ಹಾಕಿ, ಅಂಚಿನ ಎರಡು ಕಬ್ಬಿಣದ ಕೊಂಡಿಗಳಿಗೆ ಸೇರಿಸಿ ಬೀಗ ಜಡಿಯುತ್ತಿದ್ದರು.

ನೀರಿಗೂ ಬೀಗವಾ? ಹೌದು. ಆಗ ಪ್ರತಿ ಮಗುವಿಗೂ ಹೊಸ ನೀರು ತುಂಬುತ್ತಿರಲಿಲ್ಲ. ಮುಖ್ಯವಾಗಿ ಈಸ್ಟರ್ ಮತ್ತು ಪೆಂತೆಕೋಸ್ತ್ ಹಬ್ಬಗಳ ಹಿಂದಿನ ದಿನ ಪಾದ್ರಿ ನೀರನ್ನು ಮಂತ್ರಿಸಿ, ಪವಿತ್ರ ತೈಲ ಬೆರೆಸುತ್ತಿದ್ದರು. ಆಮೇಲೆ ಅದೇ ನೀರು ತುಂಬಾ ದಿನ ತೊಟ್ಟಿಯಲ್ಲೇ ಉಳಿಯುತ್ತಿತ್ತು. ಕಲ್ಲು ನೀರು ಹೀರದಿರಲಿ ಅಂತ ಒಳಗೆ ಸೀಸದ ತಗಡು ಹೊದಿಸುತ್ತಿದ್ದರು. ಅಷ್ಟು ಶಕ್ತಿಯ ನೀರು ಅಂದಮೇಲೆ ಕದಿಯುವವರು ಇರದೇ ಇರ್ತಾರಾ? ಮಾಟಮಂತ್ರಕ್ಕೆ ಒಯ್ಯುತ್ತಾರೆ ಅನ್ನೋ ಭಯ ಚರ್ಚಿಗಿತ್ತು. 1236ರಲ್ಲಿ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಎಡ್ಮಂಡ್, ತೊಟ್ಟಿಗಳನ್ನು ಮುಚ್ಚಿ ಬೀಗ ಹಾಕಿಡಬೇಕು ಅಂತ ಆಜ್ಞೆ ಹೊರಡಿಸಿದ್ದು ಇದಕ್ಕೇ.

ಕಲ್ಲಿನಲ್ಲಿ ತೂತು ಕೊರೆದು, ಕೊಂಡಿಯ ಕಾಲು ಇಳಿಸಿ, ಸುತ್ತ ಕರಗಿದ ಸೀಸ ಹೊಯ್ದು ಕೂರಿಸುತ್ತಿದ್ದರು. 16ನೇ ಶತಮಾನದಲ್ಲಿ ಚರ್ಚಿನ ಧರ್ಮಸುಧಾರಣೆಯ ನಂತರ ನೀರನ್ನು ಹೀಗೆ ಮಂತ್ರಿಸಿ ಇಡುವ ಪದ್ಧತಿ ನಿಂತು, ಬೀಗದ ಅಗತ್ಯ ಹೋಯಿತು. ಕೆಲವು ಕಡೆ ಕೊಂಡಿಗಳನ್ನು ಸುಮ್ನೆ ಕಿತ್ತರು, ಕಲ್ಲೂ ಚಕ್ಕೆ ಎದ್ದು ಬಂತು. ಕೀಳದೆ ಬಿಟ್ಟ ಕಡೆಯೂ ಎಷ್ಟೋ ಸಲ ಕಲ್ಲು ಉಳಿಯಲಿಲ್ಲ: ಕಬ್ಬಿಣ ತುಕ್ಕು ಹಿಡಿದು ಉಬ್ಬಿದರೆ ಒಳಗಿನಿಂದಲೇ ಸೀಳುತ್ತದೆ. ಆ ಜಾಗಕ್ಕೆ ಹೊಸ ಕಲ್ಲಿನ ತೇಪೆ ಹಾಕಿರುವುದೂ ಉಂಟು. ಬಣ್ಣದ ವ್ಯತ್ಯಾಸದಿಂದ ಗೊತ್ತಾಗುತ್ತದೆ.