ಓದುಗರ ಪ್ರಶ್ನೆ: ಮೊದಲನೇ ಕೈಬಂದೂಕಿಗೆ ಯಾವ ಬೋರ್ (ನಳಿಗೆಯ ಒಳಅಗಲ) ತಗೋಬೇಕು?

ಪ್ರಶ್ನೆ: ಸಾರ್ ನಮಸ್ಕಾರ. ನಮ್ದು ಕೋಲಾರ ಎಪಿಎಂಸೀಲಿ ಟೊಮೆಟೊ ಮಂಡಿ. ಸೀಸನ್ನಲ್ಲಿ ಲೆಕ್ಕ ಮುಗಿಸಿ ದುಡ್ಡು ತಗೊಂಡು ಊರಿಗೆ ಹೋಗೋ ಹೊತ್ತಿಗೆ ಕತ್ತಲಾಗಿರುತ್ತೆ, ಅದಕ್ಕೇ ಲೈಸೆನ್ಸ್‌ಗೆ ಅರ್ಜಿ ಹಾಕಿದ್ದೆ, ಈಗ ಆಗಿದೆ. ಅಮೆರಿಕದಲ್ಲಿರೋ ನನ್ ಬಾಮೈದ "9 ಎಂಎಂ ಬಿಟ್ಟು ಬೇರೇನೂ ತಗೋಬೇಡಿ ಭಾವ" ಅಂತಾನೆ, ಅಂಗಡಿಯೋರು .32 ತಗೊಳ್ಳಿ ಅಂತಾರೆ, ಅದ್ರಲ್ಲೂ ರಿವಾಲ್ವರ್‌ದೇ ಬೇರೆ ಪಿಸ್ತೂಲ್‌ದೇ ಬೇರೆ ಅಂತಾರೆ, ಸ್ನೇಹಿತರು ನೋಡಿದ್ರೆ .32 ಏನಕ್ಕೂ ಸಾಲಲ್ಲ ಅಂತ ನಗ್ತಾರೆ. ಇದುವರೆಗೂ ನಾನು ಬಂದೂಕು ಮುಟ್ಟಿದೋನಲ್ಲ. ಯಾವ್ದು ತಗೊಳ್ಲಿ?
— ಒಬ್ಬ ಓದುಗರು, ಕೋಲಾರ

ಉತ್ತರ: ಅಣ್ಣಾವ್ರೇ, ನಿಮ್ಮ ಬಾಮೈದ ಹೇಳಿದ್ದು ಅವರಿರೋ ದೇಶಕ್ಕೆ ಸರಿ. ಅಲ್ಲಿ 9 ಎಂಎಂ ತೋಟಾ ಎಲ್ಲಾ ಅಂಗಡೀಲೂ ಸಿಗುತ್ತೆ, ರೇಟೂ ಕಮ್ಮಿ, ಹೊಸಬರು ಬೇಕಾದಷ್ಟು ಹೊಡೆದು ಕಲೀತಾರೆ. ನಮ್ಮಲ್ಲಿ ಆ ಮಾತೇ ಬರಲ್ಲ, ಯಾಕಂದ್ರೆ ಇಲ್ಲಿ 9 ಎಂಎಂ ನಿಷೇಧಿತ ಬೋರು. ಸೇನೆ, ಪೊಲೀಸಿನವರ ಸರ್ವಿಸ್ ತೋಟಾ ಯಾವ ಪಿಸ್ತೂಲಿಗೆ ಕೂರುತ್ತೋ ಅದು ಸಾಮಾನ್ಯ ಜನರ ಕೈಲಿ ಇರಬಾರದು ಅನ್ನೋ ಲೆಕ್ಕದಲ್ಲಿ ಕಾನೂನು ಮಾಡಿದಾರೆ, 9 ಎಂಎಂ, .45, .380, .455 (ಚುಕ್ಕಿ ಇರೋವೆಲ್ಲ ಇಂಚಿನ ಲೆಕ್ಕ) ಎಲ್ಲಾ ಆ ಪಟ್ಟೀಲೇ ಬರೋದು. ನಿಮ್ಮ ಲೈಸೆನ್ಸ್ ತೆಗೆದು ನೋಡಿ, ಎನ್‌ಪಿಬಿ ಅಂತಿರುತ್ತೆ, ನಾನ್ ಪ್ರೊಹಿಬಿಟೆಡ್ ಬೋರ್ ಅಂತ ಅರ್ಥ, ನಮ್ಮ ಡೀಸಿ ಆಫೀಸಿಂದ ಕೊಡೋದು ಅದೇ. ಯಾರಾದ್ರೂ ನಿಮ್ಮನ್ನ ಪಕ್ಕಕ್ಕೆ ಕರೆದು ಕಮ್ಮಿ ರೇಟಿಗೆ 9 ಎಂಎಂ ಕೊಡಿಸ್ತೀನಿ ಅಂದ್ರೆ ಅಲ್ಲಿಂದ ಎದ್ದು ಬಂದ್ಬಿಡಿ. 2019ರಲ್ಲಿ ಶಸ್ತ್ರಾಸ್ತ್ರ ಕಾಯ್ದೆ ತಿದ್ದುಪಡಿ ಆದ್ಮೇಲೆ ನಿಷೇಧಿತ ಬಂದೂಕು ಇಟ್ಕೊಂಡು ಸಿಕ್ಕಿಬಿದ್ರೆ ಕಮ್ಮಿ ಅಂದ್ರೂ 7 ವರ್ಷ ಜೈಲು.

ಇನ್ನು ಉಳಿಯೋದು ಏನು ಅಂದ್ರೆ .22, .25, .32, ಮತ್ತೆ ಹಳೇ ಕಾಲದಲ್ಲಿ ಹೊರದೇಶದಿಂದ ಬಂದು ಕೈಯಿಂದ ಕೈಗೆ ಮಾರಾಟ ಆಗ್ತಿರೋ .357 ಮ್ಯಾಗ್ನಮ್ ತರದವು. ಈ ಫಾರಿನ್ ಮಾಲಿಗೆ ಲಕ್ಷಗಟ್ಟಲೆ ಕೇಳ್ತಾರೆ, ತೋಟಾ ಸಿಗೋದೂ ಕಷ್ಟ, ಮೊದಲನೇ ಬಂದೂಕಿಗೆ ಅದರ ಸಹವಾಸ ಬೇಡ. .22ದು ರಿಮ್‌ಫೈರ್, ಅಂದ್ರೆ ಸಿಡಿಯೋ ಮದ್ದು ತೋಟಾದ ಅಂಚಿನೊಳಗೆ ಸುತ್ತ ಇರುತ್ತೆ, ಪಿನ್ ಅಂಚಿಗೆ ಬಡಿದು ಸಿಡಿಸುತ್ತೆ. ಕಲಿಯೋಕೆ ಅದಕ್ಕಿಂತ ಒಳ್ಳೇದು ಬೇರೆ ಇಲ್ಲ, ಆದ್ರೆ ಅಂಚಿನ ಮದ್ದು ಆಗಾಗ ಕೈ ಕೊಡುತ್ತೆ, ಪ್ರಾಣದ ವಿಷಯಕ್ಕೆ ನಂಬೋದು ಕಷ್ಟ. .32ದು ಸೆಂಟರ್‌ಫೈರ್, ತೋಟಾದ ತಳದಲ್ಲಿ ನಟ್ಟನಡುವೆ ಒಂದು ಪುಟ್ಟ ಟೋಪಿ ಕಾಣುತ್ತಲ್ಲ, ಅದು ಪ್ರೈಮರ್, ಪಿನ್ ಅದಕ್ಕೇ ಬಡಿಯೋದು, ಭರವಸೆ ಜಾಸ್ತಿ. ಹಂಗಾಗಿ ಬೋರ್ ವಿಷಯದಲ್ಲಿ ನಿಮ್ಮ ಅಂಗಡಿಯೋರು ಹೇಳಿದ್ದೇ ಸರಿ, .32. ನಿಜವಾದ ಆಯ್ಕೆ ಇರೋದು ಆ .32ರ ಒಳಗೇನೇ.

ಅಂಗಡೀಲಿ ಎರಡೂ ತೋಟಾ ಕೇಳಿ ತಗೊಂಡು ಟೇಬಲ್ ಮೇಲೆ ಅಕ್ಕಪಕ್ಕ ನಿಲ್ಲಿಸಿ ನೋಡಿ. ಉದ್ದಕ್ಕಿರೋದು ರಿವಾಲ್ವರ್‌ದು, .32 ಸ್ಮಿತ್ ಅಂಡ್ ವೆಸ್ಸನ್ ಲಾಂಗ್, 1896ರ ಕಾಲದ್ದು, ಒಟ್ಟು ಉದ್ದ ಸುಮಾರು 32 ಮಿಲಿಮೀಟರ್, ತಳದಲ್ಲಿ ಅಗಲವಾದ ಅಂಚು. ಗಿಡ್ಡಕ್ಕಿರೋದು ಪಿಸ್ತೂಲಿಂದು, .32 ಎಸಿಪಿ, 7.65 ಎಂಎಂ ಅಂತಾನೂ ಅಂತಾರೆ, ಜಾನ್ ಬ್ರೌನಿಂಗ್ 1899ರ ಸುಮಾರಿಗೆ ಮಾಡಿದ್ದು, ಉದ್ದ 25 ಮಿಲಿಮೀಟರ್ ಅಷ್ಟೇ, ಬೆರಳಾಡಿಸಿದ್ರೆ ಅಂಚು ಚೂರೇ ಚೂರು ಹೊರಗೆ ಬಂದಿರೋದು ಗೊತ್ತಾಗುತ್ತೆ. ಎರಡರ ದಪ್ಪ ಮಾತ್ರ ಹೆಚ್ಚುಕಮ್ಮಿ ಒಂದೇ, ಅಪಾಯ ಇರೋದೇ ಅಲ್ಲಿ. ಪಿಸ್ತೂಲಿನ ಗಿಡ್ಡ ತೋಟಾ ಎಷ್ಟೋ ರಿವಾಲ್ವರ್ ಒಳಗೆ ಸಲೀಸಾಗಿ ಕೂತ್ಬಿಡುತ್ತೆ. ಆದ್ರೆ ಪಿಸ್ತೂಲ್ ತೋಟಾದ ಒತ್ತಡದ ಮಿತಿ 20,500 ಪಿಎಸ್ಐ (ಒಂದು ಚದರ ಇಂಚಿಗೆ ಇಷ್ಟು ಪೌಂಡ್ ಅಂತ), ರಿವಾಲ್ವರ್ ತೋಟಾದ್ದು 15,000. ಹಳೇ ರಿವಾಲ್ವರ್‌ಗೆ ಅದನ್ನ ಹಾಕಿ ಹೊಡೆಯೋದು ಅಂದ್ರೆ ಸಿಲಿಂಡರನ್ನೇ, ಅಂದ್ರೆ ತೋಟಾ ಕೂರೋ ತಿರುಗುವ ಉರುಳೆಯನ್ನೇ, ಪಣಕ್ಕಿಟ್ಟಂಗೆ. ಕೂರುತ್ತೆ ಅಂದ ಮಾತ್ರಕ್ಕೆ ಹೊಡೀಬಹುದು ಅಂತಲ್ಲ, ಡಬ್ಬಿ ಮೇಲೆ ಏನು ಬರೆದಿದೆ, ಬ್ಯಾರೆಲ್ ಮೇಲೆ ಏನು ಕೊರೆದಿದೆ, ಎರಡೂ ತಾಳೆ ಆಗ್ಲೇಬೇಕು. ಬಿಲ್ ಮಾಡಿಸುವಾಗ ಬರೀ ".32" ಅಂತ ಬರೆಸ್ಕೋಬೇಡಿ, ಪೂರ್ತಿ ಹೆಸರು ಬರೆಸಿ.

ಏಟು ಎಷ್ಟು ಅಂತ ಕೇಳ್ತೀರ. .32 ಎಸಿಪಿ ಗುಂಡಿನ ಶಕ್ತಿ ಸುಮಾರು 175 ಜೂಲ್, ರಿವಾಲ್ವರ್ ತೋಟಾದ್ದು ಅದಕ್ಕಿಂತ ಒಂದ್ ಚೂರು ಕಮ್ಮಿ, 9 ಎಂಎಂದು 480ರ ಆಸುಪಾಸು. ವ್ಯತ್ಯಾಸ ಇದೆ, ನಾನು ಇಲ್ಲ ಅನ್ನಲ್ಲ. ಆದ್ರೆ ಯಾವ ಕೈಬಂದೂಕೇ ಆಗ್ಲಿ, ಅದರ ಏಟು ಗುಂಡು ಎಲ್ಲಿ ಬಿತ್ತು ಅನ್ನೋದರ ಮೇಲೆ ನಿಂತಿದೆ, ಮತ್ತೆ ಕೈಯಲ್ಲಿ ಬಂದೂಕೇ ಹಿಡಿಯದೋರು ಗಾಬರೀಲಿ ಹೊಡೆದ್ರೆ ಅದು ಎಲ್ಲಿ ಬೀಳುತ್ತೆ ಅಂತ ನೀವೇ ಯೋಚನೆ ಮಾಡಿ. .32ರಲ್ಲಿ ಕೈ ಎಗರೋದು ಕಮ್ಮಿ, ಹೊಸಬರು ಬೆದರಿ ಟ್ರಿಗರ್ ಕಿತ್ತು ಎಳೆಯೋ ಅಭ್ಯಾಸ ಹತ್ತಲ್ಲ, ಎರಡನೇ ಗುಂಡೂ ಗುರಿ ಹತ್ರಾನೇ ಹೋಗುತ್ತೆ. ನಗೋ ಸ್ನೇಹಿತರಲ್ಲಿ ಎಷ್ಟು ಜನ ರೇಂಜಲ್ಲಿ ನಿಂತು ಹತ್ತು ಮೀಟರಿಂದ ಒಂದು ತಟ್ಟೆ ಅಗಲಕ್ಕೆ ಆರು ಗುಂಡು ಕೂರಿಸ್ತಾರೆ ಅಂತ ಒಂದ್ಸಲ ಕೇಳಿ.

ಈಗ ರಿವಾಲ್ವರ್ರೋ ಪಿಸ್ತೂಲೋ. ನನ್ನ ಮಾತು ಕೇಳೋದಾದ್ರೆ ಮೊದಲನೇದಕ್ಕೆ ರಿವಾಲ್ವರ್ರೇ ತಗೊಳ್ಳಿ. ಪಿಸ್ತೂಲಲ್ಲಿ ಮ್ಯಾಗಜೀನ್ (ತೋಟಾ ತುಂಬೋ ಡಬ್ಬಿ) ಈಚೆ ತೆಗೆದ ತಕ್ಷಣ ಖಾಲಿ ಆಯ್ತು ಅನ್ಕೊಂಡ್ಬಿಡ್ತಾರೆ, ಚೇಂಬರಲ್ಲಿ, ಅಂದ್ರೆ ನಳಿಗೆಯ ಹಿಂತುದೀಲಿ, ಒಂದು ಗುಂಡು ಹಂಗೇ ಕೂತಿರುತ್ತೆ, ಮನೇಲಿ ಆಗೋ ಅನಾಹುತ ಎಷ್ಟೋ ಸಲ ಆ ಒಂದು ಗುಂಡಿಂದಾನೇ. ರಿವಾಲ್ವರ್ ಹಂಗಲ್ಲ, ಬಿಚ್ಚಿದ್ರೆ ಆರೂ ತೂತು ಕಣ್ಮುಂದೆ, ಇದೆಯೋ ಇಲ್ವೋ ಅಂತ ಯಾರು ಬೇಕಾದ್ರೂ ಹೇಳ್ಬಹುದು. ತೋಟಾ ಒಂದು ಸಿಡೀದಿದ್ರೆ ಇನ್ನೊಂದ್ಸಲ ಟ್ರಿಗರ್ ಎಳೆದ್ರೆ ಪಕ್ಕದ್ದು ಬರುತ್ತೆ, ಪಿಸ್ತೂಲಲ್ಲಿ ಸ್ಲೈಡ್ (ಮೇಲಿನ ಜಾರೋ ಭಾಗ) ಎಳೆದು ಅದನ್ನ ಉದುರಿಸ್ಬೇಕು, ಆ ಹೊತ್ತಲ್ಲಿ ಹೊಸಬರ ಕೈಲಿ ಆಗೋ ಕೆಲಸ ಅಲ್ಲ. ಇನ್ನೊಂದು, .32 ಎಸಿಪಿ ತೋಟಾದ ಆ ಚೂರು ಅಂಚಿದೆಯಲ್ಲ, ಮ್ಯಾಗಜೀನ್ ತುಂಬೋವಾಗ ಮೇಲಿನದರ ಅಂಚು ಕೆಳಗಿನದರ ಹಿಂದೆ ಹೋಗಿ ಕೂತ್ರೆ ಎರಡೂ ಒಂದಕ್ಕೊಂದು ಕಚ್ಕೊಂಡು ನಿಂತ್ಬಿಡುತ್ತೆ. ತುಂಬೋದು ಕಲಿತೋರಿಗೆ ತೊಂದ್ರೆ ಇಲ್ಲ. ಪಿಸ್ತೂಲಿನ ಪರವಾಗಿ ಹೇಳ್ಬೇಕಂದ್ರೆ ಅದು ಚಪ್ಪಟೆ, ಸೊಂಟದಲ್ಲಿ ಉಬ್ಬಿ ಕಾಣಲ್ಲ, ಗುಂಡೂ ಒಂದೆರಡು ಜಾಸ್ತಿ ಹಿಡಿಯುತ್ತೆ, ಚೆನ್ನಾಗಿ ಅಭ್ಯಾಸ ಆದ್ಮೇಲೆ ಎರಡನೇದಾಗಿ ತಗೊಳ್ಳಿ ಬೇಕಾದ್ರೆ, ಈಗಿನ ಕಾನೂನಲ್ಲಿ ಒಬ್ಬರಿಗೆ ಎರಡು ಬಂದೂಕಿನವರೆಗೂ ಅವಕಾಶ ಇದೆ.

ನಮ್ಮ ಸರ್ಕಾರಿ ಫ್ಯಾಕ್ಟರಿಗಳ ರಿವಾಲ್ವರಲ್ಲೇ ಎರಡು ಮೂರು ತರ ಇದೆ. ಹಳೇ ವೆಬ್ಲಿ ಮಾದರೀದು ಮಧ್ಯಕ್ಕೆ ಮುರ್ಕೊಂಡು ಬಿಚ್ಚೋದು. 2014ರಲ್ಲಿ ಬಂದ ನಿರ್ಭೀಕ್ ಹಗುರ, ಅರ್ಧ ಕೆಜಿ, ಹೆಂಗಸರಿಗೆ ಅಂತ ಮಾಡಿದ್ದು. 2023ರಲ್ಲಿ ಬಂದ ಪ್ರಬಲ್‌ದು ಸಿಲಿಂಡರ್ ಪಕ್ಕಕ್ಕೆ ತೆರ್ಕೊಳ್ಳುತ್ತೆ. ಹಗುರ ಅಂತ ಹೇಳಿ ನಿರ್ಭೀಕೇ ಬೇಕು ಅನ್ಬೇಡಿ, ತೂಕ ಕಮ್ಮಿ ಆದಷ್ಟೂ ಕೈಗೆ ಒದೆತ ಜಾಸ್ತಿ. ಖಾಲಿ ರಿವಾಲ್ವರ್ ಅಂಗಡಿಯೋರ ಮುಂದೇನೇ ಹಿಡಿದು, ನೆಲದ ಕಡೆ ಮುಖ ಮಾಡಿ, ಅವರ ಒಪ್ಪಿಗೆ ತಗೊಂಡು ಟ್ರಿಗರ್ ಪೂರ್ತಿ ಎಳೆದು ನೋಡಿ. ತೋರುಬೆರಳಿನ ಮೊದಲ ಗೆಣ್ಣಿನಲ್ಲಿ ಮೂತಿ ಅಲ್ಲಾಡದಂಗೆ ಎಳೆಯೋಕಾದ್ರೆ ಅದು ನಿಮ್ಮ ಕೈಗೆ ಹೊಂದುತ್ತೆ, ಎಳೆಯುವಾಗ ಮೂತಿ ಕೆಳಗೆ ಬಾಗ್ತಿದ್ರೆ ಬೇರೆ ನೋಡಿ.

ದುಡ್ಡೆಲ್ಲ ಬಂದೂಕಿಗೇ ಸುರೀಬೇಡಿ, ತೋಟಾಗೆ ಅಂತ ಎತ್ತಿಡಿ. ಒಂದ್ಸಲಕ್ಕೆ ಎಷ್ಟು, ವರ್ಷಕ್ಕೆ ಎಷ್ಟು ತಗೋಬಹುದು ಅಂತ ಲೈಸೆನ್ಸ್‌ನಲ್ಲೇ ಬರೆದಿರುತ್ತೆ, ಅದನ್ನ ಬೀರೂಲಿ ಪೂಜೆ ಮಾಡೋಕೆ ಇಡ್ಬೇಡಿ, ಲೈಸೆನ್ಸ್ ಇರೋ ರೇಂಜಿಗೆ ಹೋಗಿ ಹೊಡೀರಿ. ಜಿಲ್ಲಾ ಪೊಲೀಸಿನವರು ನಾಗರಿಕ ಬಂದೂಕು ತರಬೇತಿ ಶಿಬಿರ ನಡೆಸ್ತಾರೆ, ಎಸ್ಪಿ ಆಫೀಸಲ್ಲಿ ವಿಚಾರಿಸಿ ಹೆಸರು ಕೊಡಿ, ಹಿಂದೆ ತರಬೇತಿ ಸರ್ಟಿಫಿಕೇಟಿಗೆ ಅಂತ ಕಲಿತಿದ್ರೂ ಮತ್ತೆ ಹೋಗಿ.

ಒಂದು ಮಾತು ಮಾತ್ರ ಖಡಾಖಂಡಿತ ಹೇಳ್ತೀನಿ. ಬೆಳಗ್ಗೆ ಹರಾಜು ನಡೆಯೋ ಹೊತ್ತಲ್ಲಿ ಮಂಡೀಲಿ ಹಮಾಲಿಗಳು, ರೈತರು, ಲಾರಿ ಡ್ರೈವರುಗಳು ಮೈಗೆ ಮೈ ತಾಗ್ಸಿ ನಿಂತಿರ್ತಾರೆ, ಅಲ್ಲಿ ನಿಮ್ಮ ಸೊಂಟದಲ್ಲಿ ಲೋಡ್ ಆಗಿರೋ ರಿವಾಲ್ವರ್ ಇದ್ರೆ ಕಳ್ಳರಿಗಿಂತ ಅದೇ ದೊಡ್ಡ ಅಪಾಯ. ರೈತರಿಗೆ ಆದಷ್ಟೂ ಬ್ಯಾಂಕಲ್ಲೇ ಹಾಕಿ, ರಾತ್ರಿ ದುಡ್ಡು ಸಾಗಿಸೋದೇ ಕಮ್ಮಿ ಆಗ್ಲಿ. ಆತ್ಮರಕ್ಷಣೆ ಹಕ್ಕು ಭಾರತೀಯ ನ್ಯಾಯ ಸಂಹಿತೆ 34ರಿಂದ 44ನೇ ಸೆಕ್ಷನ್‌ವರೆಗೂ ಇದೆ, ಅಪಾಯ ಎಷ್ಟಿದೆಯೋ ಅಷ್ಟಕ್ಕೆ ಮಾತ್ರ ಆ ಹಕ್ಕು, ಓಡಿಹೋಗ್ತಿರೋನ ಬೆನ್ನಿಗೆ ಹೊಡೆದ್ರೆ ನಿಮ್ಮ ಮೇಲೇ ಕೇಸ್ ಬೀಳುತ್ತೆ.

ಪ್ರಶ್ನೆ: ಸಾರ್, ನಾನು ತುಮಕೂರಲ್ಲಿ ಡಿಗ್ರಿ ಓದ್ತಿದೀನಿ, ಎನ್‌ಸಿಸೀಲಿ ಶೂಟಿಂಗ್ ಹುಚ್ಚು ಹತ್ತಿತು, ಬೆಂಗಳೂರಿಗೆ ಹೋಗಿ .22 ಪಿಸ್ತೂಲಲ್ಲಿ ಪ್ರಾಕ್ಟೀಸ್ ಮಾಡ್ತಿದೀನಿ. 25 ಮೀಟರ್ ಸೆಂಟರ್ ಫೈರ್ ಆಡ್ಬೇಕು ಅಂತಿದೆ. ಅದಕ್ಕೆ ಯಾವ ಕ್ಯಾಲಿಬರ್? ನನ್ ತಂಗಿಗೂ ಆಸೆ ಇದೆ.
— ತುಮಕೂರು

ಉತ್ತರ: ನಿಯಮದಲ್ಲಿ 7.62ರಿಂದ 9.65 ಎಂಎಂವರೆಗೂ ಯಾವುದಾದ್ರೂ ಸರಿ ಅಂತಿದೆ ಕಣಪ್ಪ, ಆದ್ರೆ ಲೈನಲ್ಲಿ ನಿಂತೋರ ಕೈಲಿ ನೋಡಿದ್ರೆ ಹೆಚ್ಚುಕಮ್ಮಿ ಎಲ್ಲಾ .32 ಸ್ಮಿತ್ ಅಂಡ್ ವೆಸ್ಸನ್ ಲಾಂಗೇ. ಮೇಲೆ ಕೋಲಾರದೋರಿಗೆ ಹೇಳಿದ ಅದೇ ರಿವಾಲ್ವರ್ ತೋಟಾ, ಇಲ್ಲಿ ಮಾತ್ರ ಪಿಸ್ತೂಲಿಗೆ ಹಾಕ್ತಾರೆ, ಗುಂಡಿನ ಮೂತಿ ಚಪ್ಪಟೆ, ವ್ಯಾಡ್‌ಕಟರ್ ಅಂತಾರೆ, ಕಾಗದದಲ್ಲಿ ಪಂಚ್ ಮಷೀನಲ್ಲಿ ಹೊಡೆದಂಗೆ ಗುಂಡಗೆ ತೂತು ಬೀಳುತ್ತೆ, ಗೆರೆ ಮುಟ್ತೋ ಇಲ್ವೋ ಅಂತ ಜಗಳ ಬರಲ್ಲ. ಒದೆತ ಕಮ್ಮಿ ಇರೋದು ಯಾಕೆ ಮುಖ್ಯ ಅಂದ್ರೆ ಆಟದ ದ್ವಿತೀಯಾರ್ಧ. ಮೊದಲ 30 ಗುಂಡು ನಿಧಾನಕ್ಕೆ, ಐದೈದಕ್ಕೆ 5 ನಿಮಿಷ. ಆಮೇಲಿನ 30ರಲ್ಲಿ ಟಾರ್ಗೆಟ್ 3 ಸೆಕೆಂಡ್ ಮಾತ್ರ ಮುಖ ತೋರಿಸುತ್ತೆ, ಅಷ್ಟರಲ್ಲಿ ಕೈ ಕೆಳಗಿಂದ ಎತ್ತಿ ಒಂದು ಗುಂಡು, ಮತ್ತೆ ಕೈ ಇಳಿಸಿ 7 ಸೆಕೆಂಡ್ ಕಾಯ್ಬೇಕು. ನಮ್ಮ ದೇಶದ ಶೂಟರ್ ಜಸ್ಪಾಲ್ ರಾಣಾ 1994ರ ಹಿರೋಷಿಮಾ ಏಷ್ಯನ್ ಗೇಮ್ಸಲ್ಲಿ ಚಿನ್ನ ಹೊಡೆದಿದ್ದು ಇದೇ ಆಟದಲ್ಲಿ, 2006ರಲ್ಲಿ ದೋಹಾದಲ್ಲಿ ಮತ್ತೆ ಹೊಡೆದ್ರು, 600ಕ್ಕೆ 590.

ಈಗ್ಲೇ ಪಿಸ್ತೂಲ್ ಕೊಳ್ಳೋಕೆ ಹೋಗ್ಬೇಡ. ಒಳ್ಳೇ ಮ್ಯಾಚ್ ಪಿಸ್ತೂಲೆಲ್ಲ ಹೊರದೇಶದ್ದು, ತರಿಸೋಕೆ ಶೂಟರ್ ಅಂತ ನಿನ್ನ ದರ್ಜೆ ಕಾಗದದಲ್ಲಿ ಇರ್ಬೇಕು, ಅದಕ್ಕೆ ನ್ಯಾಷನಲ್ಸಲ್ಲಿ ಸ್ಕೋರ್ ಬರ್ಬೇಕು. ಅಲ್ಲಿವರೆಗೂ .22 ಸ್ಟ್ಯಾಂಡರ್ಡ್ ಪಿಸ್ತೂಲಲ್ಲೇ ಆಡು, ಎರಡಕ್ಕೂ ಟ್ರಿಗರ್ ತೂಕ ಕನಿಷ್ಠ 1000 ಗ್ರಾಂ, ಅಲ್ಲಿ ಕಲಿತ ಬೆರಳು ಇಲ್ಲಿಗೂ ಆಗುತ್ತೆ. ತಂಗಿಗೆ ಹೇಳು, ಸೆಂಟರ್ ಫೈರ್ ಗಂಡಸರ ಪಂದ್ಯ, ಹೆಣ್ಮಕ್ಕಳ 25 ಮೀಟರ್ ಪಿಸ್ತೂಲ್ ಪಂದ್ಯ .22ರಲ್ಲೇ ನಡೆಯೋದು, ಒಲಿಂಪಿಕ್ಸಲ್ಲಿ ಇರೋದೂ ಅದೇ. ಹಂಗಾಗಿ ಅವಳಿಗೆ .32 ಬೇಡವೇ ಬೇಡ, ದಾರಿ ನಿನಗಿಂತ ನೇರ ಇದೆ.

ಪ್ರಶ್ನೆ: ನಮ್ಮ ಮಾವನೋರು ತೀರ್ಕೊಂಡ್ರು, ಬೀರೂಲಿ ಅವರ .32 ರಿವಾಲ್ವರ್, ಹಳೇ ತೋಟಾ ಒಂದು ಡಬ್ಬಿ ಇದೆ. ಲೈಸೆನ್ಸ್ ಅವರ ಹೆಸರಲ್ಲಿತ್ತು. ನಮ್ಮೆಜಮಾನ್ರು ಹೆಸರು ಬದಲಾಯಿಸ್ಕೊಂಡು ಇಟ್ಕೊಳ್ಳೋಣ ಅಂತಾರೆ, ನನಗೆ ಭಯ. — ಚಿಂತಾಮಣಿ

ಉತ್ತರ: ಭಯ ಪಡೋದ್ರಲ್ಲಿ ಅರ್ಥ ಇದೆಯಮ್ಮ, ಯಾಕಂದ್ರೆ ಲೈಸೆನ್ಸ್ ಇದ್ದೋರು ಹೋದ್ಮೇಲೆ ಆ ಬಂದೂಕು ಮನೇಲಿ ಇರೋದು ಕಾನೂನಿಗೆ ವಿರುದ್ಧ. ಮೊದಲು ಸ್ಟೇಷನ್‌ಗೆ ಫೋನ್ ಮಾಡಿ ಹಿಂಗಿಂಗೆ ಅಂತ ತಿಳಿಸಿ, ಸ್ಟೇಷನ್ನಲ್ಲೋ ಲೈಸೆನ್ಸ್ ಇರೋ ಡೀಲರ್ ಹತ್ರಾನೋ ಜಮಾ ಮಾಡಿ ರಸೀದಿ ತಗೊಳ್ಳಿ. ರಿವಾಲ್ವರ್ ಬಿಚ್ಚೋಕೆ ಬರದಿದ್ರೆ ಮುಟ್ಲೇಬೇಡಿ, ಬೀರೂ ಬೀಗ ಹಾಕಿಟ್ಟು, ಬಂದು ತಗೊಂಡು ಹೋಗಿ ಅಂತ ಅವರನ್ನೇ ಕೇಳಿ. ಆಮೇಲೆ ನಿಮ್ಮೆಜಮಾನ್ರು ವಾರಸುದಾರರಾಗಿ ಡೀಸಿ ಆಫೀಸಲ್ಲಿ ಅರ್ಜಿ ಹಾಕ್ಲಿ, ಮಿಕ್ಕ ವಾರಸುದಾರರ ಒಪ್ಪಿಗೆ ಪತ್ರ ಬೇಕಾಗುತ್ತೆ. ಬ್ಯಾರೆಲ್ ಮೇಲೆ .32 ಅಂತಾನೇ ಇದೆಯಾ ಅಂತ ಡೀಲರ್ ಕೈಲಿ ಓದಿಸಿ, .380 ಅಂತಿದ್ರೆ ಅದು ನಿಷೇಧಿತ ಬೋರು, ಕಥೆ ಬೇರೆ ಆಗುತ್ತೆ. ಹಳೇ ತೋಟಾ ಹಸಿರುಗಟ್ಟಿದ್ರೆ ಯಾರೂ ಹೊಡೆದು ನೋಡೋಕೆ ಹೋಗ್ಬಾರದು, ಟ್ರಿಗರ್ ಎಳೆದಾಗ ಸುಮ್ಮನಿದ್ದು ಒಂದೆರಡು ಕ್ಷಣ ಬಿಟ್ಟು ಸಿಡಿಯೋದೂ ಉಂಟು. ಅದನ್ನೂ ರಿವಾಲ್ವರ್ ಜೊತೆಗೇ ಜಮಾ ಮಾಡಿ, ರಸೀದೀಲಿ ಎಷ್ಟು ತೋಟಾ ಅಂತ ಎಣಿಸಿ ಬರೆಸ್ಕೊಳ್ಳಿ.

ಪ್ರಶ್ನೆ: ತೋಟದ ಮನೇಲಿದೀವಿ, ಚಿರತೆ ಕಾಟ. .32 ರಿವಾಲ್ವರ್ ಸಾಕಾ? — ಗುಬ್ಬಿ ತಾಲ್ಲೂಕು

ಉತ್ತರ: ಬೇಡ. ಆ ಗುಂಡಿಗೆ ಚಿರತೆ ಬೀಳಲ್ಲ, ಗಾಯ ಆಗಿ ಇನ್ನಷ್ಟು ಕೆರಳುತ್ತೆ, ಜೊತೆಗೆ 1972ರ ವನ್ಯಜೀವಿ ಕಾಯ್ದೇಲಿ ಕೇಸು. ಅರಣ್ಯ ಇಲಾಖೆಗೆ ಬರೆದು ಬೋನು ಇಡ್ಸಿ, ಕೊಟ್ಟಿಗೆಗೆ ಬಾಗಿಲು ಹಾಕ್ಸಿ, ನಾಯಿ ಕುರಿಗಳನ್ನ ರಾತ್ರಿ ಒಳಗೆ ಕಟ್ಟಿ, ಮಕ್ಕಳನ್ನ ಕತ್ತಲಾದ್ಮೇಲೆ ಒಂಟಿಯಾಗಿ ಹೊರಗೆ ಬಿಡ್ಬೇಡಿ.