ಪಿಸಿಯೋ, ಪ್ಲೇಸ್ಟೇಷನ್ನೋ? ಮೊದಲು ಆಟದ ಹೆಸರು ಹೇಳಿ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕೂ ಜಾಸ್ತಿ ಒಂದೇ ವಿಷಯದ ಮೇಲಿವೆ: ಗೇಮಿಂಗ್ ಕಂಪ್ಯೂಟರ್ ಜೋಡಿಸಬೇಕೋ, ಟಿವಿಗೆ ಜೋಡಿಸಿ ಆಡುವ ಕನ್ಸೋಲ್ ಪೆಟ್ಟಿಗೆ ತರಬೇಕೋ? ಹಾಗಾಗಿ ಪ್ರಿಂಟರ್, ವೈಫೈ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡಿದ್ದೇನೆ. ಕಂಪ್ಯೂಟರ್ ಜೋಡಿಸುವುದು, ಕೆಟ್ಟರೆ ರಿಪೇರಿ ಮಾಡುವುದು ನನ್ನ ಹೊಟ್ಟೆಪಾಡು. ಅಂಗಡಿಯ ಮೇಜಿನ ಮೇಲೆ ಕಂಡದ್ದನ್ನೇ ಇಲ್ಲಿ ಬರೆಯುತ್ತೇನೆ.

ಪ್ರಶ್ನೆ: ಮಗನಿಗೆ ಊರಲ್ಲೇ ಇಂಜಿನಿಯರಿಂಗ್ ಸೀಟು ಸಿಕ್ಕಿದೆ. ಗೇಮಿಂಗ್ ಪಿಸಿ ಬೇಕು ಅಂತ 90 ಸಾವಿರದ ಪಟ್ಟಿ ಕೊಟ್ಟಿದ್ದಾನೆ. ನನ್ನ ತಮ್ಮ, ‘ಅಷ್ಟೆಲ್ಲ ಯಾಕೆ, 55 ಸಾವಿರಕ್ಕೆ ಪ್ಲೇಸ್ಟೇಷನ್ ಬರುತ್ತೆ, ಟಿವಿ ಹೇಗೂ ಇದೆ’ ಅನ್ನುತ್ತಾನೆ. ಮಗ ಈಗ ಸ್ನೇಹಿತನ ಮನೆಗೆ ಹೋಗಿ ವ್ಯಾಲೊರಂಟ್ ಆಡುತ್ತಾನೆ. ಯಾರ ಮಾತು ಕೇಳಲಿ?
— ಒಬ್ಬ ತಾಯಿ, ಶಿವಮೊಗ್ಗ

ಉತ್ತರ: ಮಗನ ಪಟ್ಟಿ, ತಮ್ಮನ ಮಾತು ಎರಡನ್ನೂ ಸ್ವಲ್ಪ ಹೊತ್ತು ಪಕ್ಕಕ್ಕಿಡಿ. ನನಗೆ ಬೇಕಾದ ವಿಷಯ ನಿಮ್ಮ ಪತ್ರದಲ್ಲೇ ಇದೆ. ಅವನು ಆಡುವುದು ವ್ಯಾಲೊರಂಟ್.

ಈ ಆಟ 2020ರಲ್ಲಿ ಪಿಸಿಗೆ ಬಂತು. 2024ರಲ್ಲಿ ಪಿಎಸ್5ಗೂ (ಪ್ಲೇಸ್ಟೇಷನ್ 5) ಬಂತು. ಆದರೆ ಪಿಸಿಯಲ್ಲಿ ಆಡುವವರು, ಕನ್ಸೋಲ್‌ನಲ್ಲಿ ಆಡುವವರು ಒಂದೇ ಪಂದ್ಯದಲ್ಲಿ ಸೇರುವಂತಿಲ್ಲ. ನೀವು 55 ಸಾವಿರ ಕೊಟ್ಟು ಪ್ಲೇಸ್ಟೇಷನ್ ತಂದರೆ ಮಗನಿಗೆ ಆಟ ಸಿಗುತ್ತದೆ, ಸ್ನೇಹಿತರು ಸಿಗುವುದಿಲ್ಲ. ಈ ವಯಸ್ಸಿನಲ್ಲಿ ಆಟ ಅಂದರೆ ಸ್ನೇಹಿತರೇ ಅಲ್ವಾ? ಕೌಂಟರ್‌ಸ್ಟ್ರೈಕ್ 2, ಡೋಟಾ 2 ಅಂತೂ ಕನ್ಸೋಲ್‌ನಲ್ಲಿ ಇಲ್ಲವೇ ಇಲ್ಲ. ಅದಕ್ಕೇ ನಾನು ಯಾರು ಬಂದರೂ ಮೊದಲು ಆಟದ ಹೆಸರು ಕೇಳುತ್ತೇನೆ. ಬಜೆಟ್ ಆಮೇಲೆ.

ಈಗ ನಿಮ್ಮ ತಮ್ಮನ ಲೆಕ್ಕಕ್ಕೆ ಬರೋಣ. ಅವರು ಹೇಳಿದ್ದರಲ್ಲಿ ನಿಜ ಇದೆ. ಪಿಎಸ್5 ನಮ್ಮಲ್ಲಿ 2021ರ ಫೆಬ್ರವರಿಯಲ್ಲಿ 49,990 ರೂಪಾಯಿಗೆ ಬಂತು. ಆಮೇಲೆ 54,990 ಆಯಿತು. ಅದರೊಳಗೆ ಎಂಟು ಕೋರ್‌ನ ಪ್ರೊಸೆಸರ್, ಒಳ್ಳೆಯ ಗ್ರಾಫಿಕ್ಸ್, 16 ಜಿಬಿ ಮೆಮೊರಿ, ವೇಗದ ಎಸ್‌ಎಸ್‌ಡಿ ಸ್ಟೋರೇಜ್ ಎಲ್ಲ ಇದೆ. ಅಷ್ಟೇ ಶಕ್ತಿಯ ಪಿಸಿಯನ್ನು ಬಿಡಿಬಿಡಿಯಾಗಿ ತಂದು ಜೋಡಿಸಿದರೆ ಆ ದುಡ್ಡಿಗೆ ಖಂಡಿತ ಆಗುವುದಿಲ್ಲ. ಕಂಪನಿಗಳು ಪೆಟ್ಟಿಗೆಯ ಮೇಲೆ ಹೆಚ್ಚು ಲಾಭ ಇಟ್ಟುಕೊಳ್ಳುವುದಿಲ್ಲ. ಆಮೇಲೆ ನೀವು ಕೊಳ್ಳುವ ಒಂದೊಂದು ಆಟದಲ್ಲೂ, ಆನ್‌ಲೈನ್ ಚಂದಾದಲ್ಲೂ ಅವರ ಪಾಲು ಇರುತ್ತದೆ. ಪ್ಲೇಸ್ಟೇಷನ್ ಮಾಡುವ ಸೋನಿಯದೇ ದೊಡ್ಡ ಹೊಸ ಆಟವೊಂದಕ್ಕೆ 4,999 ರೂಪಾಯಿ. ವರ್ಷಕ್ಕೆ ನಾಲ್ಕು ಕೊಂಡರೆ 20 ಸಾವಿರ. ಮೂರು ವರ್ಷದಲ್ಲಿ ಆಟಗಳ ಖರ್ಚು ಪೆಟ್ಟಿಗೆಯ ಬೆಲೆಯನ್ನೇ ದಾಟುತ್ತದೆ. ಪಿಸಿಯಲ್ಲಿ ಸ್ಟೀಮ್ ಅನ್ನುವ ಆನ್‌ಲೈನ್ ಆಟದ ಅಂಗಡಿಯ ಬೇಸಿಗೆ ಮತ್ತು ಚಳಿಗಾಲದ ಸೇಲ್‌ಗೆ ಕಾದರೆ ಹಳೆಯ ಒಳ್ಳೊಳ್ಳೆ ಆಟಗಳು ನೂರಿನ್ನೂರು ರೂಪಾಯಿಗೂ ಸಿಗುತ್ತವೆ. ಎಪಿಕ್ ಅನ್ನುವ ಇನ್ನೊಂದು ಅಂಗಡಿಯವರು 2018ರ ಕೊನೆಯಿಂದ ಆಟಗಳನ್ನು ಪುಕ್ಕಟೆ ಕೊಡುತ್ತಾ ಬಂದಿದ್ದಾರೆ. ಆನ್‌ಲೈನ್ ಆಡಲು ಚಂದಾ ಇಲ್ಲ.

ಕನ್ಸೋಲ್‌ನಲ್ಲಿ ಪ್ರೋಗ್ರಾಮ್ ಬರೆಯುವುದಂತೂ ಆಗುವುದಿಲ್ಲ. ಹುಡುಗ ಇಂಜಿನಿಯರಿಂಗ್ ಸೇರುತ್ತಿದ್ದಾನೆ. ಕಂಪ್ಯೂಟರ್ ಹೇಗೂ ಕೊಡಿಸಲೇಬೇಕು. ಆ ಖರ್ಚು ಸೇರಿಸಿದರೆ ಪ್ಲೇಸ್ಟೇಷನ್ ಅಗ್ಗ ಅನ್ನುವ ಮಾತು ನಿಲ್ಲುವುದಿಲ್ಲ.

ಹಾಗಂತ 90 ಸಾವಿರದ ಪಟ್ಟಿಗೂ ಈಗಲೇ ಒಪ್ಪಬೇಡಿ. ಎರಡು ಕಂತಿನಲ್ಲಿ ಮಾಡಿ. ಮೊದಲ ಕಂತಿಗೆ ಎಎಂಡಿ ಕಂಪನಿಯ ರೈಝೆನ್ 5 5600ಜಿ ತರಹದ, ಗ್ರಾಫಿಕ್ಸ್ (ಪರದೆಗೆ ಚಿತ್ರ ಬಿಡಿಸುವ ಭಾಗ) ಒಳಗೇ ಇರುವ ಪ್ರೊಸೆಸರ್ ಹಾಕಿಸಿ. ಹೆಸರಿನ ಕೊನೆಯ ‘ಜಿ’ ಅಕ್ಷರ ನೋಡಿಕೊಳ್ಳಿ. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದೆಯೂ ವ್ಯಾಲೊರಂಟ್ ಸಲೀಸಾಗಿ ಓಡುತ್ತದೆ. ಅದು ಹಗುರ ಆಟ. ಇಲ್ಲಿ ಒಂದು ವಿಷಯದಲ್ಲಿ ಹಟ ಹಿಡಿಯಿರಿ. ರ‍್ಯಾಮ್ 16 ಜಿಬಿಯ ಒಂದೇ ಕಡ್ಡಿ ಬೇಡ, 8 ಜಿಬಿಯ ಎರಡು ಕಡ್ಡಿ ಬೇಕು. ಒಳಗಿನ ಗ್ರಾಫಿಕ್ಸ್‌ಗೆ ಬೇರೆ ಮೆಮೊರಿ ಇಲ್ಲ, ಇದೇ ರ‍್ಯಾಮ್ ಬಳಸುತ್ತದೆ. ಒಂದೇ ಕಡ್ಡಿ ಇದ್ದರೆ ಅರ್ಧ ದಾರಿ ಮುಚ್ಚಿದ ಹಾಗೆ, ಆಟ ಎಳೆದಾಡುತ್ತದೆ. ‘ಎರಡೂ ಒಂದೇ ಮೇಡಂ’ ಅಂತ ಅಂಗಡಿಯಲ್ಲಿ ಹೇಳಬಹುದು. ಒಂದೇ ಅಲ್ಲ.

ಎರಡನೇ ಕಂತು ಗ್ರಾಫಿಕ್ಸ್ ಕಾರ್ಡ್. ಅದು ಎರಡನೇ ವರ್ಷಕ್ಕೆ ಇರಲಿ. ಅಷ್ಟರಲ್ಲಿ ಹುಡುಗನಿಗೂ ಯಾವ ಆಟ ಬೇಕು ಅಂತ ಗೊತ್ತಾಗಿರುತ್ತದೆ. ಈಗ ಕಾಯಲು ಇನ್ನೊಂದು ಕಾರಣವೂ ಇದೆ. 2025ರ ಕೊನೆಯಿಂದ ರ‍್ಯಾಮ್ ಬೆಲೆ ವಿಪರೀತ ಏರಿದೆ. ಮೆಮೊರಿ ಚಿಪ್ ಮಾಡುವ ಕಂಪನಿಗಳು ಎಐ ಡೇಟಾ ಸೆಂಟರ್‌ಗಳ ಕಡೆಗೆ ತಿರುಗಿವೆ. ಹಾಗಾಗಿ ಈಗ ಅಗತ್ಯ ಇದ್ದಷ್ಟೇ ಕೊಳ್ಳಿ. ಆದರೆ ಎಸ್‌ಎಂಪಿಎಸ್ (ಒಳಗಿನ ಭಾಗಗಳಿಗೆ ಕರೆಂಟು ಕೊಡುವ ಡಬ್ಬಿ) ಮಾತ್ರ ಮೊದಲೇ ಒಳ್ಳೆಯದು ಹಾಕಿಸಿ, 550 ವ್ಯಾಟ್‌ನದ್ದು. ಮುಂದೆ ಕಾರ್ಡ್ ಬಂದಾಗ ಬದಲಿಸಬೇಕಾಗಿಲ್ಲ.

ಪ್ರಶ್ನೆ: ಮೊದಲ ಕೆಲಸ ಸಿಕ್ಕಿದೆ. ಪಿಸಿಯನ್ನು ನಾನೇ ಜೋಡಿಸಬೇಕು ಅನ್ನುವ ಆಸೆ. ಬೆಂಗಳೂರಿನ ಎಸ್‌ಪಿ ರೋಡಿಗೆ ಬಂದು ತೆಗೆದುಕೊಳ್ಳಲೋ, ಆನ್‌ಲೈನ್‌ನಲ್ಲಿ ತರಿಸಲೋ? ಏನಾದರೂ ಸುಟ್ಟುಹೋದರೆ ಅನ್ನುವ ಭಯ ಇದೆ.
— ಓದುಗ, ಹುಬ್ಬಳ್ಳಿ

ಉತ್ತರ: ಖಂಡಿತ ನೀವೇ ಜೋಡಿಸಿ. ಈ ಪತ್ರ ಓದಿ ತುಂಬಾ ಖುಷಿಯಾಯಿತು. ತಾನೇ ಜೋಡಿಸಿದವನು ಮುಂದೆ ಕೆಟ್ಟಾಗ ಹೆದರುವುದಿಲ್ಲ. ಅದು ಕನ್ಸೋಲ್ ಕೊಡಲಾರದ ಲಾಭ.

ಎಸ್‌ಪಿ ರೋಡಿಗೆ ಒಂದು ಸಲ ಬನ್ನಿ. ಟೌನ್‌ಹಾಲ್ ಕಡೆಯಿಂದ ನಡೆದುಕೊಂಡೇ ಹೋಗಬಹುದು. ಗಾಡಿ ತರಬೇಡಿ, ನಿಲ್ಲಿಸಲು ಜಾಗ ಸಿಗುವುದಿಲ್ಲ. ಮೊದಲು ನಾಲ್ಕೈದು ಅಂಗಡಿಯಲ್ಲಿ ಪೂರ್ತಿ ಪಟ್ಟಿಗೆ ಕೊಟೇಷನ್ ಬರೆಸಿಕೊಳ್ಳಿ. ಒಂದೊಂದೇ ಬಿಡಿಭಾಗದ ಬೆಲೆ ಆನ್‌ಲೈನ್‌ನಲ್ಲಿ ಕಮ್ಮಿ ಇರಬಹುದು. ಒಟ್ಟಿಗೆ ಕೊಳ್ಳುವಾಗ ಅಂಗಡಿಯವರು ಇಳಿಸುತ್ತಾರೆ. ಎಲ್ಲಿ ಕೊಂಡರೂ ಜಿಎಸ್‌ಟಿ ಬಿಲ್ ಬೇಕು. ಅದರಲ್ಲಿ ಪ್ರತಿ ಭಾಗದ ಸೀರಿಯಲ್ ನಂಬರ್ ಬರೆಸಿ. ಬಿಲ್ ಇಲ್ಲದೆ ಎರಡು ಸಾವಿರ ಉಳಿಸಿದವರು ಕಾರ್ಡ್ ಕೆಟ್ಟಾಗ ನನ್ನ ಅಂಗಡಿಗೆ ಬರುತ್ತಾರೆ. ವಾರಂಟಿ ವಿಷಯದಲ್ಲಿ ಅವರಿಗೆ ನಾನು ಏನೂ ಮಾಡಲಾಗುವುದಿಲ್ಲ.

ಸೆಕೆಂಡ್‌ಹ್ಯಾಂಡ್ ಕಾರ್ಡ್ ಬಗ್ಗೆ ಎಚ್ಚರ. 2022ರ ಸೆಪ್ಟೆಂಬರ್‌ನಲ್ಲಿ ಗ್ರಾಫಿಕ್ಸ್ ಕಾರ್ಡ್ ಬಳಸಿ ಈಥೀರಿಯಂ ಅನ್ನುವ ಕ್ರಿಪ್ಟೋ ನಾಣ್ಯ ಗಳಿಸುವ ಮೈನಿಂಗ್ ನಿಂತ ಮೇಲೆ ಹಗಲೂ ರಾತ್ರಿ ದುಡಿದ ಕಾರ್ಡ್‌ಗಳು ರಾಶಿ ರಾಶಿ ಮಾರುಕಟ್ಟೆಗೆ ಬಂದವು. ಕೆಲವು ಇನ್ನೂ ಕೈಯಿಂದ ಕೈಗೆ ಓಡಾಡುತ್ತಿವೆ. ಕಣ್ಣೆದುರು ಅರ್ಧ ಗಂಟೆ ಆಟ ಓಡಿಸಿ ತೋರಿಸದಿದ್ದರೆ ಬೇಡ.

ಇನ್ನು ಜೋಡಿಸುವ ಕೆಲಸ. ನಿಜವಾಗಿ ನಾಜೂಕು ಬೇಕಾದ ಜಾಗ ಒಂದೇ, ಪ್ರೊಸೆಸರ್ ಕೂರಿಸುವುದು. ಎಎಂಡಿಯ ಎಎಂ4 ಚಿಪ್ ಆದರೆ ಅದರ ತಳದಲ್ಲಿ 1331 ಸಣ್ಣ ಪಿನ್‌ಗಳಿವೆ. ಅಂಚು ಹಿಡಿದೇ ಎತ್ತಿ. ಒಂದು ಮೂಲೆಯಲ್ಲಿ ಚಿಕ್ಕ ಚಿನ್ನದ ಬಣ್ಣದ ತ್ರಿಕೋನ ಕಾಣುತ್ತದೆ. ಮದರ್‌ಬೋರ್ಡಿನಲ್ಲಿ ಅದು ಕೂರುವ ಸಾಕೆಟ್ಟಿನ ಮೂಲೆಯಲ್ಲೂ ಅಂಥದೇ ಗುರುತು ಇದೆ. ಸಾಕೆಟ್ಟಿನ ಪಕ್ಕದ ಲೋಹದ ಕಡ್ಡಿಯನ್ನು ಪೂರ್ತಿ ಮೇಲೆತ್ತಿ, ಎರಡು ಗುರುತು ಒಂದೇ ಕಡೆ ಬರುವಂತೆ ಚಿಪ್ಪನ್ನು ಸುಮ್ನೆ ಬಿಡಿ. ತನ್ನ ಭಾರಕ್ಕೇ ಕೂರುತ್ತದೆ. ಬೆರಳಿಂದ ಒತ್ತಬೇಕು ಅನ್ನಿಸಿದರೆ ಎಲ್ಲೋ ತಪ್ಪಿದೆ, ಎತ್ತಿ ಮತ್ತೆ ನೋಡಿ. ಕೂತ ಮೇಲೆ ಕಡ್ಡಿ ಇಳಿಸಿ. ಎಎಂಡಿಯ ಹೊಸ ಎಎಂ5 ಮತ್ತು ಇಂಟೆಲ್‌ ಚಿಪ್‌ಗಳಲ್ಲಿ ಪಿನ್‌ಗಳು ಬೋರ್ಡಿನ ಸಾಕೆಟ್ಟಿನಲ್ಲಿರುತ್ತವೆ. ಅಲ್ಲಿ ಬೆರಳು, ಬಟ್ಟೆ ಯಾವುದೂ ತಾಗಬಾರದು.

ಉಳಿದದ್ದು ಸುಲಭ. ಬೋರ್ಡಿನಲ್ಲಿ ನಾಲ್ಕು ರ‍್ಯಾಮ್ ಜಾಗ ಇದ್ದರೆ ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೆಯದು, ನಾಲ್ಕನೆಯದು. ಮಾನಿಟರ್ ಕೇಬಲ್ ಗ್ರಾಫಿಕ್ಸ್ ಕಾರ್ಡಿಗೆ ಹಾಕಿ, ಬೋರ್ಡಿಗಲ್ಲ. ‘ಹೊಸ ಕಾರ್ಡ್ ಕೆಲಸ ಮಾಡ್ತಿಲ್ಲ’ ಅಂತ ಬರುವವರಲ್ಲಿ ಎಷ್ಟೋ ಜನ ಇಲ್ಲೇ ಎಡವಿರುತ್ತಾರೆ. 144 ಹರ್ಟ್ಸ್ (ಸೆಕೆಂಡಿಗೆ 144 ಸಲ ಚಿತ್ರ ಬದಲಿಸುವ) ಮಾನಿಟರ್ ತಂದವರು ವಿಂಡೋಸ್ ಸೆಟ್ಟಿಂಗ್‌ನಲ್ಲಿ ಅದು 60ರಲ್ಲೇ ನಿಂತಿದೆಯಾ ಅಂತ ನೋಡಿಕೊಳ್ಳಿ. ಸುಟ್ಟುಹೋಗುವ ಭಯ ಅಂದಿರಲ್ಲ, ಅದರ ಪರಿಹಾರ ಎಸ್‌ಎಂಪಿಎಸ್‌ನಲ್ಲಿದೆ. ಕ್ಯಾಬಿನೆಟ್ ಜೊತೆ ಫ್ರೀ ಕೊಡುವ 450 ವ್ಯಾಟ್ ಡಬ್ಬಿಗೆ ಗ್ರಾಫಿಕ್ಸ್ ಕಾರ್ಡ್ ಜೋಡಿಸಲೇಬೇಡಿ. ಅದು ಹೋಗುವಾಗ ಬೋರ್ಡನ್ನೂ ಕರೆದುಕೊಂಡು ಹೋದದ್ದು ನೋಡಿದ್ದೇನೆ.

ಪ್ರಶ್ನೆ: ಮನೆಯಲ್ಲಿ ಎಂಟು ಮತ್ತು ಹನ್ನೆರಡು ವರ್ಷದ ಮಕ್ಕಳಿದ್ದಾರೆ. ನಾವೂ ಜೊತೆಗೆ ಕೂತು ಆಡಬೇಕು ಅಂತ ಆಸೆ. ಎಕ್ಸ್‌ಬಾಕ್ಸ್ ಸೀರೀಸ್ ಎಸ್ ಕಮ್ಮಿ ಬೆಲೆಗೆ ಬರುತ್ತದಂತೆ. ಅದು ಸಾಕೇ, ಪಿಎಸ್5 ಬೇಕೇ?
— ಓದುಗ, ಮಂಗಳೂರು

ಉತ್ತರ: ನಿಮ್ಮ ಮನೆಗೆ ಕನ್ಸೋಲ್‌ ಬರಲಿ. ನಿಮಗೆ ಪಿಸಿ ಹೇಳುವುದು ತಪ್ಪಾಗುತ್ತದೆ. ಹಾಲ್‌ನ ಟಿವಿ, ಎರಡು ಕಂಟ್ರೋಲರ್, ಬಟನ್ ಒತ್ತಿದರೆ ಆಟ. ಡ್ರೈವರ್ ಸಾಫ್ಟ್‌ವೇರ್ ಹಾಕುವ ಕೆಲಸ ಇಲ್ಲ, ಸೆಟ್ಟಿಂಗ್ ಇಲ್ಲ. ‘ಇಟ್ ಟೇಕ್ಸ್ ಟು’ ಅಂತ 2021ರ ಆಟ ಇದೆ. ಇಬ್ಬರಿಲ್ಲದೆ ಅದನ್ನು ಆಡಲು ಆಗುವುದೇ ಇಲ್ಲ. ಹನ್ನೆರಡು ವರ್ಷದ ಮಗುವಿನ ಜೊತೆ ನೀವೇ ಕೂತು ಆಡಿ. ಅದರ ಕಥೆ ವಿಚ್ಛೇದನದ ಅಂಚಿನಲ್ಲಿರುವ ಗಂಡ ಹೆಂಡತಿಯದು, ಹಾಗಾಗಿ ಚಿಕ್ಕವರಿಗೆ ಸ್ವಲ್ಪ ಕಾಯಿರಿ.

ಸೀರೀಸ್ ಎಸ್ ಒಳ್ಳೆಯ ಪೆಟ್ಟಿಗೆ. ಆದರೆ ಅದರಲ್ಲಿ ಡಿಸ್ಕ್ ಹಾಕಲು ಜಾಗವೇ ಇಲ್ಲ. ಮೊದಲು ಬಂದ ಮಾಡೆಲ್‌ನಲ್ಲಿ 512 ಜಿಬಿ ಜಾಗ, ಅದೂ ಬೇಗ ತುಂಬುತ್ತದೆ. ನಾನು ಡಿಸ್ಕ್ ಇರುವ ಪಿಎಸ್5 ಪರ. ಆಟ ಮುಗಿದ ಮೇಲೆ ಡಿಸ್ಕನ್ನು ಮಾರಬಹುದು, ಪಕ್ಕದ ಮನೆಯವರ ಜೊತೆ ಬದಲಾಯಿಸಿಕೊಳ್ಳಬಹುದು. ಡೌನ್‌ಲೋಡ್ ಮಾಡಿದ ಆಟ ನಿಮ್ಮ ಖಾತೆ ಬಿಟ್ಟು ಎಲ್ಲಿಗೂ ಹೋಗುವುದಿಲ್ಲ. ಮೊದಲ ದಿನವೇ ಮಕ್ಕಳಿಗೆ ಬೇರೆ ಖಾತೆ ಮಾಡಿ, ಸಮಯದ ಮಿತಿ ಮತ್ತು ಖರ್ಚಿನ ಮಿತಿ ಹಾಕಿ. ಖರ್ಚಿನ ಮಿತಿಯನ್ನು ಸೊನ್ನೆಗೇ ಇಡಿ.

ಪ್ರಶ್ನೆ: ದುಬೈನಲ್ಲಿರುವ ಭಾವ ಅಲ್ಲಿಂದ ಪಿಎಸ್5 ತರುತ್ತೇನೆ ಅನ್ನುತ್ತಾರೆ. ಇಲ್ಲಿ ನಡೆಯುತ್ತದಾ?
— ಓದುಗ, ಭಟ್ಕಳ

ಉತ್ತರ: ನಡೆಯುತ್ತದೆ. ನಮ್ಮ ಕರೆಂಟಿಗೂ ಹೊಂದುತ್ತದೆ, ಆಟದ ಡಿಸ್ಕ್‌ಗಳಿಗೂ ದೇಶದ ಬೀಗ ಇಲ್ಲ. ತೊಂದರೆ ಎರಡು. ವಾರಂಟಿಯನ್ನು ಇಲ್ಲಿ ನಂಬಿಕೊಳ್ಳಬೇಡಿ. ಮತ್ತೆ, ಅಲ್ಲಿನ ಡಿಸ್ಕಿಗೆ ಇಲ್ಲಿನ ಖಾತೆಯಿಂದ ಆಟದ ಹೆಚ್ಚುವರಿ ಭಾಗ ಕೊಂಡರೆ ಎರಡೂ ಕೂಡದೆ ಇರಬಹುದು. ಕಸ್ಟಮ್ಸ್ ಮಿತಿಯನ್ನು ಭಾವ ವಿಮಾನ ಹತ್ತುವ ಮೊದಲೇ ನೋಡಿಕೊಳ್ಳಲಿ.

ಪ್ರಶ್ನೆ: ಜಿಟಿಎ 6 ಆಡಲು ಪಿಸಿ ಮಾಡಿಸುತ್ತಿದ್ದೇನೆ. ಯಾವ ಕಾರ್ಡ್ ಹಾಕಿಸಲಿ?
— ವಿದ್ಯಾರ್ಥಿ, ದಾವಣಗೆರೆ

ಉತ್ತರ: ತಡೆಯಿರಿ. ಆ ಆಟವನ್ನು ಘೋಷಿಸಿರುವುದು ಪಿಎಸ್5 ಮತ್ತು ಎಕ್ಸ್‌ಬಾಕ್ಸ್ ಸೀರೀಸ್‌ಗೆ ಮಾತ್ರ. ಹಿಂದಿನ ಜಿಟಿಎ 5 ಕನ್ಸೋಲ್‌ಗೆ ಬಂದದ್ದು 2013ರ ಸೆಪ್ಟೆಂಬರ್‌ನಲ್ಲಿ, ಪಿಸಿಗೆ 2015ರ ಏಪ್ರಿಲ್‌ನಲ್ಲಿ. ಅದೊಂದೇ ಆಟ ಬೇಕಿದ್ದರೆ ಪಿಸಿ ಮಾಡಿಸಬೇಡಿ. ಬೇರೆ ಆಟಗಳೂ ಬೇಕು, ಕಾಯುತ್ತೇನೆ ಅಂದರೆ ಪಿಸಿ ಮಾಡಿಸಿ. ಅದಕ್ಕೆ ಬೇಕಾದ ಕಾರ್ಡ್ ಯಾವುದು ಅಂತ ಪಿಸಿಗೆ ಬಂದಾಗ ನೋಡೋಣ.

ಪ್ರಶ್ನೆ: ನಮ್ಮಲ್ಲಿ ಕರೆಂಟು ಹೋಗಿ ಬಂದು ಮಾಡುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಸಿಡಿಲು ಬೇರೆ. ಎರಡರಲ್ಲಿ ಯಾವುದು ತಡೆದುಕೊಳ್ಳುತ್ತದೆ? ಕರೆಂಟು ಬಿಲ್ ಎಷ್ಟು ಏರುತ್ತದೆ?
— ಅಡಿಕೆ ಬೆಳೆಗಾರ, ಸಾಗರ

ಉತ್ತರ: ಸಿಡಿಲಿಗೆ ಎರಡೂ ಒಂದೇ. ಬಿಲ್ ಲೆಕ್ಕ ಹೇಳುತ್ತೇನೆ. ಪಿಎಸ್5 ದೊಡ್ಡ ಆಟ ಓಡಿಸುವಾಗ ಸುಮಾರು 200 ವ್ಯಾಟ್ ಎಳೆಯುತ್ತದೆ. ದಿನಕ್ಕೆ ಎರಡು ಗಂಟೆ ಆಡಿದರೆ ತಿಂಗಳಿಗೆ 12 ಯೂನಿಟ್, ಟಿವಿ ಬಿಟ್ಟು. ಸಾಧಾರಣ ಗೇಮಿಂಗ್ ಪಿಸಿ ಮಾನಿಟರ್ ಸೇರಿ 15ರಿಂದ 18. ಗೃಹಜ್ಯೋತಿಯಲ್ಲಿ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ಈಗಲೇ 190ರ ಹತ್ತಿರ ಇರುವ ಮನೆಗೆ ಇದು ದೊಡ್ಡ ವ್ಯತ್ಯಾಸ.

ಯುಪಿಎಸ್ ಕೊಳ್ಳುವಾಗ ವಿಎ ನೋಡಬೇಡಿ, ವ್ಯಾಟ್ ನೋಡಿ. 600 ವಿಎ ಅಂದರೆ ಸಾಮಾನ್ಯವಾಗಿ 360 ವ್ಯಾಟ್ ಮಾತ್ರ. ಕನ್ಸೋಲಿಗೂ ಹಾಕಿ. ಆಟ ಸೇವ್ ಆಗುವಾಗ ಕರೆಂಟು ಹೋದರೆ ಫೈಲ್ ಕೆಡಬಹುದು.

ಎಲ್ಲಕ್ಕಿಂತ ಮೊದಲು ಮನೆಯ ಅರ್ತಿಂಗ್ ನೋಡಿಸಿ. ಬೇಸಿಗೆಯಲ್ಲಿ ಅರ್ತಿಂಗ್ ಗುಂಡಿ ಒಣಗಿದರೆ ಅದು ಸರಿಯಾಗಿ ಕೆಲಸ ಮಾಡುವುದಿಲ್ಲ, ನೀರು ಹಾಕುತ್ತಿರಬೇಕು. ಗುಡುಗು ಶುರುವಾಗುವ ಮೊದಲೇ ಪ್ಲಗ್ ಕಿತ್ತುಬಿಡಿ, ಸ್ವಿಚ್ ಆಫ್ ಮಾಡಿದರೆ ಸಾಲದು. ರೌಟರ್‌ನಿಂದ ಬರುವ ಲ್ಯಾನ್ ಕೇಬಲ್ಲನ್ನೂ ಕೀಳಿ. ನಮ್ಮದು ಫೈಬರ್ ಅಂತ ಧೈರ್ಯವಾಗಿ ಇರುವವರಿದ್ದಾರೆ. ಗಾಜಿನ ಎಳೆಯಲ್ಲಿ ಕರೆಂಟು ಹರಿಯುವುದಿಲ್ಲ, ನಿಜ. ಆದರೆ ರೌಟರ್ ಗೋಡೆಯ ಪ್ಲಗ್ಗಿನಲ್ಲಿದೆ, ಅಲ್ಲಿಂದ ಪಿಸಿಗೆ ಬರುವ ತಂತಿ ತಾಮ್ರದ್ದು. ಮಳೆಗಾಲದ ಹೊತ್ತಿಗೆ ನನ್ನ ಮೇಜಿಗೆ ಬರುವ ಬೋರ್ಡ್‌ಗಳಲ್ಲಿ ಲ್ಯಾನ್ ಪೋರ್ಟ್ ಮಾತ್ರ ಸತ್ತವು ಹಲವು ಇರುತ್ತವೆ.