ಹಳೆಯ ಹೆಡ್ ಬೋಲ್ಟ್ ಮತ್ತೆ ಹಾಕಬಹುದಾ?

ಇಂಜಿನ್ ಬಿಚ್ಚಿದ್ದೀರಿ, ಹಳೆಯ ಹೆಡ್ ಬೋಲ್ಟ್‌ಗಳನ್ನೇ ಹಾಕಲಾ ಎಂದು ಕೇಳಿದ್ದೀರಿ. ಇಂಜಿನ್ನಿನ ಮೇಲಿನ ಭಾಗವಾದ ಹೆಡ್ ಅನ್ನು ಕೆಳಗಿನ ಬ್ಲಾಕಿಗೆ ಬಿಗಿಯುವ ಬೋಲ್ಟ್ ಇವು. ಮೊದಲು ಮ್ಯಾನುಯಲ್ ನೋಡಿ. ಇಷ್ಟು ಟಾರ್ಕ್ (ತಿರುಗಿಸಿ ಬಿಗಿಯುವ ಬಲ) ಕೊಟ್ಟು, ಆಮೇಲೆ 90 ಡಿಗ್ರಿ ತಿರುಗಿಸಿ ಎಂದಿದ್ದರೆ ಅವು ಬಹುತೇಕ ಬಿಗಿಯುವಾಗ ಹಿಗ್ಗುವ ಬೋಲ್ಟ್‌ಗಳು. ಒಮ್ಮೆ ಹಿಗ್ಗಿದರೆ ಪೂರ್ತಿ ಹಳೆಯ ಉದ್ದಕ್ಕೆ ಬರುವುದಿಲ್ಲ. ಹೊಸದೇ ಹಾಕಿ. ಕೆಲವು ಕಂಪನಿಗಳು ಗರಿಷ್ಠ ಉದ್ದ ಕೊಟ್ಟಿರುತ್ತವೆ, ಅಳೆದು ಅದರೊಳಗಿದ್ದರೆ ಬಳಸಬಹುದು. ನಾನಂತೂ ಬಳಸುವುದಿಲ್ಲ. ಹೆಡ್, ಬ್ಲಾಕ್ ನಡುವೆ ಸೋರಿಕೆ ತಡೆಯುವ ಗ್ಯಾಸ್ಕೆಟ್ ಹೋದರೆ ಅಷ್ಟೂ ಕೆಲಸ ಮತ್ತೆ ಮಾಡಬೇಕು, ಅಲ್ವಾ?

ಬರೀ ಟಾರ್ಕ್ ಹೇಳಿರುವ ಹಳೆಯ ಇಂಜಿನ್ ಆದರೆ, ಥ್ರೆಡ್ ಚೆನ್ನಾಗಿದ್ದು ತುಕ್ಕು ಇಲ್ಲದಿದ್ದರೆ ಸಾಮಾನ್ಯವಾಗಿ ತೊಂದರೆಯಿಲ್ಲ.

ಜಾಸ್ತಿ ಜನ ಮರೆಯುವುದು ಇನ್ನೊಂದಿದೆ. ಬ್ಲಾಕಿನ ಬೋಲ್ಟ್ ತೂತುಗಳಲ್ಲಿ ನಿಂತ ಆಯಿಲ್, ಕೂಲಂಟ್ ಪೂರ್ತಿ ತೆಗೆಯಿರಿ. ತಳ ಮುಚ್ಚಿದ ತೂತಿನಲ್ಲಿ ಅದು ಉಳಿದರೆ ಬಿಗಿಯುವಾಗ ಬ್ಲಾಕೇ ಬಿರುಕು ಬಿಡಬಹುದು.